ಕಾರ್ವೆಲ್‌ನೊಡನೆ ಕೊಟ್ಟ ಸರದಿ

ವರ್ಲೀನ್ ಟಾಲಿವರ್ ಇಪ್ಪತ್ತೆಂಟು ವರ್ಷ ಕಾಲ ಎತ್ತರದ ಗಂಡಸರ ಬೆನ್ನಿಗೆ ಹೆಸರು ಹೊಲಿದಳು. ಸೇಂಟ್ ಲೂಯಿಸ್ ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಪೈಲಟ್ಸ್. ಆ ತಂಡ ಆಡುವ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಮಗ್ಗುಲಿಗೆ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಅಲ್ಲಿ ಅವಳ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಜೋಡಿಸಿದ ನೂಲಿನ ಉಂಡೆಗಳು, ಡಬ್ಬಿಗಳಲ್ಲಿ ಕತ್ತರಿಸಿಟ್ಟ ದಪ್ಪ ಬಟ್ಟೆಯ ಅಕ್ಷರಗಳು. ಅದಕ್ಕೂ ಮುಂಚೆ ಅವಳು ಬೂಟಿನ ಕಾರ್ಖಾನೆಯಲ್ಲಿ ತೊಗಲು ಹೊಲಿಯುತ್ತಿದ್ದಳು. ಕಾರ್ಖಾನೆ ಮುಚ್ಚಿತು, ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಆಟಗಾರರು ಬರುತ್ತಿದ್ದರು, ಹೋಗುತ್ತಿದ್ದರು. ಒಂದು ಹೆಸರು ಹೊಲಿಯುವುದಕ್ಕೆ ಅರ್ಧ ಗಂಟೆ ಸಾಕಾದರೆ, ಜಾಳುಜಾಳಾದ ಆ ಬಟ್ಟೆಗೆ ಏನೂ ಆಗದ ಹಾಗೆ ಬಿಚ್ಚುವುದಕ್ಕೆ ಒಂದು ಗಂಟೆಯೇ ಬೇಕು. ಇದು ಅವಳು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದ ಮಾತು.

ಅವಳ ಗಂಡ ರೂಫಸ್ ನದಿಯ ದೋಣಿಗಳಲ್ಲಿ ದುಡಿದು, ಐವತ್ತು ತುಂಬುವ ಮೊದಲೇ ಎದೆನೋವಿನಿಂದ ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ತಂಗಿ ಡೋರೆಥಾ ತೀರಿಕೊಂಡಾಗ ಅವಳ ಆರು ವರ್ಷದ ಮಗ ಕಾರ್ವೆಲ್‌ನನ್ನು ವರ್ಲೀನ್ ಕೈಹಿಡಿದು ಮನೆಗೆ ಕರೆತಂದು, ಟಾಲಿವರ್ ಅನ್ನುವ ತನ್ನ ಮನೆತನದ ಹೆಸರನ್ನೇ ಕೊಟ್ಟಳು. ಊರಿನ ಉತ್ತರ ದಿಕ್ಕಿನಲ್ಲಿ, ಅರ್ಧ ಬೀದಿ ಉದುರಿಹೋಗಿ ಅರ್ಧ ಬೀದಿ ನಿಂತಿರುವ ಕಡೆ, ಕೆಂಪು ಇಟ್ಟಿಗೆಯ ಮನೆ ಅವಳದು. ಹುಡುಗ ಬಿದಿರಿನ ಹಾಗೆ ಬೆಳೆದ. ಹದಿನೈದಕ್ಕೇ ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕಾಯಿತು.

ಕಾರ್ವೆಲ್ ಮಹಾ ಆಟಗಾರನೇನಲ್ಲ. ಇದು ವರ್ಲೀನ್‌ಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಚೆಂಡು ಎಸೆದರೆ ಎರಡರಲ್ಲಿ ಒಂದು ಬುಟ್ಟಿಗೆ ಬೀಳುವುದೂ ಕಷ್ಟ. ಆದರೆ ಅವಳು ಚಿಕ್ಕಂದಿನಿಂದ ಒಂದು ಪಾಠ ಹೇಳಿಕೊಟ್ಟಿದ್ದಳು. ಎಲ್ಲರಿಗಿಂತ ಮುಂಚೆ ಹೋಗು, ಎಲ್ಲರೂ ಹೋದ ಮೇಲೆ ಬಾ. ಬಾಯಿಬಿಟ್ಟು ಏನೂ ಕೇಳಬೇಡ, ಕೆಲಸ ನೋಡಿದವರು ತಾವಾಗೇ ಕೊಡುತ್ತಾರೆ. ಬೂಟಿನ ಕಾರ್ಖಾನೆಯಲ್ಲಿ ಅವಳು ಮೇಸ್ತ್ರಿಯಾದದ್ದು ಹಾಗೆ, ಪೈಲಟ್ಸ್ ತಂಡದ ಕೋಣೆಗೆ ಬಂದದ್ದೂ ಹಾಗೆ. ಕಾರ್ವೆಲ್ ಆ ಒಂದು ಪಾಠದ ಮೇಲೆ ಹನ್ನೆರಡು ವರ್ಷ ದೊಡ್ಡವರ ಆಟದಲ್ಲಿ ಉಳಿದ. ಒಂಬತ್ತು ತಂಡ ಕಂಡ. ಅವನಿಗಿಂತ ಚೆನ್ನಾಗಿ ಆಡುತ್ತಿದ್ದ ಎಷ್ಟೋ ಜನ ಮೂರು ವರ್ಷಕ್ಕೇ ಮನೆ ಸೇರಿದ್ದರು.

ಒಂದು ಮಾತ್ರ ಅವನಿಗೆ ಒದಗಲಿಲ್ಲ. ವರ್ಷವಿಡೀ ಆಡಿ ಮೇಲೆ ಬಂದ ತಂಡಗಳು ಏಪ್ರಿಲ್ ತಿಂಗಳಲ್ಲಿ ಪ್ಲೇಆಫ್ ಆಡುತ್ತವೆ. ಹನ್ನೆರಡು ವರ್ಷದಲ್ಲಿ ಕಾರ್ವೆಲ್ ಒಂದೇ ಒಂದು ಪ್ಲೇಆಫ್ ಆಟದಲ್ಲೂ ಅಂಗಳಕ್ಕೆ ಇಳಿದವನಲ್ಲ. ಅವನು ಬಿಟ್ಟ ತಂಡ ಮಾರನೆಯ ವರ್ಷ ಮೇಲೇರುತ್ತಿತ್ತು, ಸೇರಿದ ತಂಡ ಮುಳುಗುತ್ತಿತ್ತು. ಚರ್ಚಿನಲ್ಲಿ ವರ್ಲೀನ್‌ನ ಪಕ್ಕ ಕೂರುವ ಐಡೆಲ್ಲಾ, ನಾಲಿಗೆಗೆ ಮೂಳೆಯಿಲ್ಲದ ಹೆಂಗಸು, ಒಮ್ಮೆ ಎಲ್ಲರೆದುರಿಗೇ ಅಂದುಬಿಟ್ಟಿದ್ದಳು, “ಪಾಪಿ ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು ಅಂತಾರಲ್ಲ, ನಮ್ಮ ಕಾರ್ವೆಲ್‌ದು ಹಂಗೇ ಆಯ್ತು.”

ಮೂವತ್ತನಾಲ್ಕನೆಯ ವರ್ಷದಲ್ಲಿ ಪೈಲಟ್ಸ್ ಅವನನ್ನು ಕರೆಸಿಕೊಂಡಿತು. ಹುಟ್ಟಿದೂರಿನ ತಂಡ, ಅದೂ ಆ ವರ್ಷ ಗೆಲ್ಲುತ್ತಿದ್ದ ತಂಡ. ನಲವತ್ತೊಂದನೆಯ ನಂಬರಿನ ಜೆರ್ಸಿಗೆ ಅವನ ಹೆಸರನ್ನು ವರ್ಲೀನ್ ತಾನೇ ಹೊಲಿದಳು, ಬೇರೆಯವರಿಗೆ ಮುಟ್ಟಗೊಡಲಿಲ್ಲ. ದೊಡ್ಡಮ್ಮನ ಅಡುಗೆಮನೆಯ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು ಅವನು ಹೇಳಿದ, “ಏಪ್ರಿಲ್‌ನಲ್ಲಿ ಆಡ್ತೀನಿ ದೊಡ್ಡಮ್ಮ. ಜಾಸ್ತಿ ಬೇಡ. ಎರಡು ನಿಮಿಷ ಇಳಿಸಿದ್ರೂ ಸಾಕು. ಆಮೇಲೆ ಬೂಟು ಬಿಚ್ಚಿಟ್ಟುಬಿಡ್ತೀನಿ.”

“ಎರಡು ನಿಮಿಷ ಯಾಕೋ? ಕೇಳೋದಾದ್ರೆ ನಾಲ್ಕು ಕೇಳು.”

“ಕೇಳಬಾರದು ಅಂತ ಕಲಿಸಿದ್ದು ನೀನೇ ಅಲ್ವಾ.”

ಇಬ್ಬರೂ ನಕ್ಕರು.

ಫೆಬ್ರವರಿಯಲ್ಲಿ ಒಂದು ಗುರುವಾರ ಬರುತ್ತದೆ. ತಂಡಗಳು ಆಟಗಾರರನ್ನು ಕೊಟ್ಟು ತೆಗೆದುಕೊಳ್ಳುವುದಕ್ಕೆ ಅದೇ ಕಡೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ಮುಚ್ಚುತ್ತದೆ. ಆ ದಿನ ನೆಲಮಾಳಿಗೆಯಲ್ಲಿ ಯಾರೂ ಊಟಕ್ಕೆ ಏಳುವುದಿಲ್ಲ. ಸಂಜೆ ಆಟವಿದ್ದರೆ ಹೊಸಬನ ಜೆರ್ಸಿ ಅಷ್ಟರೊಳಗೆ ತಯಾರಾಗಬೇಕು. ಬಟ್ಟೆಬರೆ, ಬೂಟುಗಳ ಉಸ್ತುವಾರಿಯ ಹರ್ಷೆಲ್, ಅರವತ್ತು ದಾಟಿದ ಬೋಳುತಲೆಯ ಮನುಷ್ಯ, ಮೇಲಿನಿಂದ ಚೀಟಿ ತರುತ್ತಿದ್ದ. ಅವತ್ತು ಅವನು ಒಂದೂವರೆ ಗಂಟೆಗೆ ಬಂದು, ಚೀಟಿಯನ್ನು ಮೇಜಿನ ಮೇಲಿಡದೆ ಕೈಯಲ್ಲೇ ಮಡಚಿ ಹಿಡಿದು ನಿಂತ.

“ಮಿಸ್ ವರ್ಲೀನ್, ನೀವು ಮನೆಗೆ ಹೋಗಿ. ಇವತ್ತು ಉಳಿದಿದ್ದು ನಾನು ನೋಡ್ಕೋತೀನಿ.”

“ನಿಮಗೆ ಗುಂಡಿ ಹಾಕಕ್ಕೂ ಬರಲ್ಲ ಹರ್ಷೆಲ್. ಕೊಡಿ ಇಲ್ಲಿ.”

ಚೀಟಿಯಲ್ಲಿ ಎರಡು ಸಾಲು. ಹಾಕಬೇಕಾದ್ದು ಕ್ವಾಕೆನ್‌ಬುಷ್, ನಂಬರ್ ಐವತ್ತೈದು. ತೆಗೆಯಬೇಕಾದ್ದು ಟಾಲಿವರ್, ನಂಬರ್ ನಲವತ್ತೊಂದು.

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಅವನಿಗೆ ಹೇಳಿದಾರಾ?”

“ಈಗ ಹೇಳ್ತಾ ಇದಾರೆ, ಮೇಲೆ.”

“ಎಲ್ಲಿಗೆ?”

“ಟೂಸಾನ್‌ಗೆ.”

ಟೂಸಾನ್ ಅಂದರೆ ಮರಳುಗಾಡು. ಆ ವರ್ಷ ಎಲ್ಲ ತಂಡಗಳಿಗಿಂತ ಕೆಳಗಿದ್ದ ತಂಡ. ವರ್ಲೀನ್ ಅಕ್ಷರಗಳ ಡಬ್ಬಿ ಎಳೆದುಕೊಂಡಳು. ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರಗಳ ಆ ಹೆಸರನ್ನು ಜೆರ್ಸಿಯ ಮೇಲೆ ಅಳತೆ ನೋಡಿ ಜೋಡಿಸುತ್ತಾ ಕೂತಳು. ಹರ್ಷೆಲ್ ಸುಮ್ಮನಿರಲಾರದೆ, “ಈ ಹೆಸರಿಗೆ ಒಂದು ಬೆನ್ನು ಸಾಲಲ್ಲ, ಇಬ್ಬರನ್ನ ಒತ್ತಟ್ಟಿಗೆ ನಿಲ್ಲಿಸಬೇಕು” ಅಂದ. ಅವಳು ನಗಲಿಲ್ಲವೆಂದು ತಾನೇ ಕೆಮ್ಮಿ ಹೊರಗೆ ಹೋದ. ಹೊಸ ಹೆಸರು ಮುಗಿಸಿದ ಮೇಲೆ ಅವಳು ನಲವತ್ತೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದಳು. ಕಾರ್ವೆಲ್ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಾಗ ಅವಳ ಕೈಯಲ್ಲಿ ಇನ್ನೂ ಮೂರು ಅಕ್ಷರ ಉಳಿದಿದ್ದವು. ಅವನಿಗೆ ಐದು ಗಂಟೆಗೆ ವಿಮಾನ. ಅವಳನ್ನು ಅಪ್ಪಿಕೊಂಡು ಹೋದ.

ಮಾರನೆಯ ದಿನ ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಊರಿಗೆ ಊರೇ ಅದನ್ನೇ ಮಾತಾಡುತ್ತಿತ್ತು. ಕರಿದ ಮೀನು, ಸ್ಪಾಗೆಟ್ಟಿ, ಬಿಳಿ ಬ್ರೆಡ್ಡು ಹಾಕಿದ ತಟ್ಟೆ ಹಿಡಿದು ಐಡೆಲ್ಲಾ ಎದುರಿಗೆ ಬಂದು ಕೂತಳು.

“ಅಕ್ಕಾ, ನನಗೆ ಒಂದು ಅರ್ಥ ಆಗ್ಲಿಲ್ಲ. ನಮ್ಮೋರು ಕಾರ್ವೆಲ್‌ನ ಟೂಸಾನ್‌ಗೆ ಕೊಟ್ರು. ಸರಿ. ಆ ಉದ್ದ ಹೆಸರಿನೋನು ಬಂದಿದ್ದು ಬೇರೆ ಊರಿಂದ. ಹಂಗಾದ್ರೆ ಟೂಸಾನ್‌ನೋರು ಕಾರ್ವೆಲ್‌ಗೆ ಬದಲು ನಮಗೇನು ಕೊಟ್ರು?”

“ಏನೂ ಕೊಡ್ಲಿಲ್ಲ.”

“ಬಿಟ್ಟಿನಾ?”

ವರ್ಲೀನ್ ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದಳು. ಹೇಳದಿದ್ದರೆ ಬೇರೆ ಯಾರಾದರೂ ಇನ್ನೂ ಕೆಟ್ಟದಾಗಿ ಹೇಳುತ್ತಿದ್ದರು. “ಒಂದು ತಂಡ ಎಲ್ಲರಿಗೂ ಸೇರಿ ಇಷ್ಟೇ ಸಂಬಳ ಕೊಡಬೇಕು ಅಂತ ಮಿತಿ ಇದೆ. ಹೊಸಬ ದುಬಾರಿ. ಅವನಿಗೆ ಜಾಗ ಆಗಬೇಕಾದ್ರೆ ಯಾರದೋ ಸಂಬಳ ಹೊರಗೆ ಹೋಗಬೇಕು. ಟೂಸಾನ್‌ನೋರ ಹತ್ರ ಆ ಮಿತಿಯೊಳಗೆ ಜಾಗ ಬೇಕಾದಷ್ಟಿದೆ. ಆದ್ರೆ ಬೇರೆಯೋರ ಹೊರೆ ಅವರು ಸುಮ್ನೆ ಯಾಕೆ ಹೊರ್ತಾರೆ? ಅದಕ್ಕೆ ಮುಂದಿನ ಬೇಸಿಗೇಲಿ ಕಾಲೇಜಿನ ಹೊಸ ಆಟಗಾರರನ್ನ ಆರಿಸ್ಕೊಳ್ಳೋದಕ್ಕೆ ನಮಗೊಂದು ಸರದಿ ಇತ್ತಲ್ಲ, ಅದನ್ನ ಅವರಿಗೆ ಬಿಟ್ಟುಕೊಟ್ರು.”

ಐಡೆಲ್ಲಾ ಅಗಿಯುವುದನ್ನು ನಿಲ್ಲಿಸಿದಳು. “ಅಂದ್ರೆ, ಇವನನ್ನ ತಗೊಂಡು ಹೋಗ್ರಪ್ಪಾ ಅಂತ ಮೇಲೆ ದಕ್ಷಿಣೆ ಕೊಟ್ರು.”

“ಹೂಂ.”

“ಮುದಿ ಎತ್ತು ಸಾಗಹಾಕಕ್ಕೆ ಜೊತೇಲಿ ಕರು ಕೊಟ್ಟಂಗೆ.”

“ಮೀನು ತಿನ್ನು ಐಡೆಲ್ಲಾ. ಆರಿ ಹೋಗುತ್ತೆ.”

ಆದರೂ ದಾರಿ ಪೂರ್ತಿ ಮುಚ್ಚಿರಲಿಲ್ಲ. ಇಂಥ ಕಡೆ ಹೊರೆಯಾಗಿ ಹೋದ ಹಳಬರನ್ನು ಹೊಸ ತಂಡದವರು ಇಟ್ಟುಕೊಳ್ಳುವುದು ಕಡಿಮೆ. ಅವರಿಗೆ ಬೇಕಾದ ಸರದಿ ಕೈಸೇರಿತಲ್ಲ. ಮನುಷ್ಯನನ್ನು ಬಿಡುಗಡೆ ಮಾಡಿ ಕಳಿಸಿಬಿಡುತ್ತಾರೆ. ಪೈಲಟ್ಸ್‌ಗೆ ಆ ವರ್ಷ ಮರಳುವ ಹಾಗಿಲ್ಲ, ನಿಯಮ ಬಿಡುವುದಿಲ್ಲ. ಆದರೆ ಬಫಲೋ ತಂಡದವರು ಕಾರ್ವೆಲ್‌ಗಾಗಿ ಒಂದು ಜಾಗ ಖಾಲಿ ಇಟ್ಟಿದ್ದರು. ಬಫಲೋ ಪ್ಲೇಆಫ್‌ಗೆ ಹೋಗುವುದು ಖಚಿತವಾಗಿತ್ತು. ಷರತ್ತು ಒಂದೇ. ಮಾರ್ಚ್ ಒಂದರ ಸಂಜೆಯೊಳಗೆ ಟೂಸಾನ್ ಅವನನ್ನು ಬಿಡಬೇಕು. ಆಮೇಲೆ ಬಿಟ್ಟರೆ ಬಫಲೋ ಸೇರಬಹುದು, ಏಪ್ರಿಲ್‌ನಲ್ಲಿ ಅಂಗಳಕ್ಕೆ ಇಳಿಯುವ ಹಾಗಿಲ್ಲ.

ಕಾರ್ವೆಲ್ ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದ. ಮೊದಲ ವಾರದಲ್ಲೇ ಹೇಳಿದ, “ದೊಡ್ಡಮ್ಮ, ಫಿಂಚ್ ಒಂದು ಮಾತು ಹೇಳ್ತಾನೆ.” ಫಿಂಚ್ ಅವನ ಪರವಾಗಿ ತಂಡಗಳ ಜೊತೆ ಮಾತಾಡುವ ಏಜೆಂಟ್.

“ಏನಂತೆ?”

“ಅಭ್ಯಾಸಕ್ಕೆ ಹೋಗಬೇಡ ಅಂತಾನೆ. ಬೆನ್ನು ನೋವು ಅನ್ನು, ತಡವಾಗಿ ಹೋಗು, ಮೂತಿ ಊದಿಸ್ಕೊಂಡು ಮೂಲೇಲಿ ಕೂತ್ಕೋ. ಬೇಡದ ಅಳಿಯನ ಥರ ಇದ್ರೆ ವಾರದೊಳಗೆ ತಾವೇ ಬಾಗಿಲು ತೆಗೀತಾರೆ ಅಂತ.”

ವರ್ಲೀನ್‌ಗೆ ಮೈ ಉರಿಯಿತು. “ಅವನಿಗೇನು ಗೊತ್ತು? ಹನ್ನೆರಡು ವರ್ಷ ನೀನು ಉಳ್ಕೊಂಡಿದ್ದು ಮೂತಿ ಊದಿಸ್ಕೊಂಡಾ? ಅಲ್ಲಿ ಹಂಗಿದ್ದ ಇಲ್ಲಿ ಹಿಂಗಿದ್ದ ಅಂತ ಸುದ್ದಿ ಬಫಲೋಗೆ ಮುಟ್ಟಕ್ಕೆ ಎಷ್ಟು ಹೊತ್ತು? ಮಗಾ, ನಿನಗೆ ಬರೋದು ಒಂದೇ ವಿದ್ಯೆ. ಅದನ್ನ ಮಾಡು. ಮೊದಲು ಹೋಗು, ಕೊನೇಲಿ ಬಾ. ಕೆಲಸ ನೋಡಿ, ಒಳ್ಳೆ ಮನುಷ್ಯ, ಇವನಿಗೊಂದು ಉಪಕಾರ ಮಾಡೋಣ ಅಂತ ಅವರೇ ಬಿಡ್ತಾರೆ.”

“ನನಗೂ ಹಂಗೇ ಅನ್ನಿಸ್ತು” ಅಂದ. ಅವನ ದನಿ ಹಗುರಾಗಿತ್ತು. ಬೇರೆ ರೀತಿ ಇರುವುದು ಅವನಿಗೆ ಬರುತ್ತಲೇ ಇರಲಿಲ್ಲ.

ಟೂಸಾನ್ ತಂಡದ ತುಂಬ ಹತ್ತೊಂಬತ್ತು ಇಪ್ಪತ್ತರ ಹೈಕಳು. ಜೇಬಿನ ತುಂಬ ದುಡ್ಡು, ಮೊಟ್ಟೆ ಬೇಯಿಸಲು ಬಾರದು. ಕಾರ್ವೆಲ್ ಬೆಳಿಗ್ಗೆ ಏಳಕ್ಕೆ ಹೋಗಿ ದೀಪ ಹಾಕುತ್ತಿದ್ದ. ಕಾಲಿನ ಗಂಟಿಗೆ ಪಟ್ಟಿ ಸುತ್ತುವುದು ಹೇಗೆ, ಆಟದ ದಿನ ಏನು ತಿನ್ನಬೇಕು, ವಿಮಾನದಲ್ಲಿ ಹೇಗೆ ನಿದ್ದೆ ಮಾಡಬೇಕು, ಎಲ್ಲ ಹೇಳಿಕೊಟ್ಟ. ಭಾನುವಾರ ಅವರನ್ನು ಸಾಲಾಗಿ ಅಂಗಡಿಗೆ ಕರೆದುಕೊಂಡು ಹೋಗಿ ತರಕಾರಿ ಕೊಡಿಸಿದ. ಫೋನಿನಲ್ಲಿ ನಗುತ್ತಾ ವರದಿ ಒಪ್ಪಿಸುತ್ತಿದ್ದ.

“ನನ್ನನ್ನ ತಾತ ಅಂತಾರೆ ದೊಡ್ಡಮ್ಮ.”

“ಮೂವತ್ತನಾಲ್ಕಕ್ಕೇನಾ?”

“ನೀವು ಆಡೋ ಕಾಲದಲ್ಲಿ ಚೆಂಡು ದುಂಡಗಿತ್ತಾ ಅಂತ ಕೇಳ್ತಾರೆ.”

“ತಿರುಗಿಸಿ ನೀನೇನಂದೆ?”

“ನಮ್ಮ ಕಾಲದಲ್ಲಿ ಅದು ಬುಟ್ಟಿ ಒಳಗೂ ಬೀಳ್ತಿತ್ತು ಅಂದೆ.”

ಫೆಬ್ರವರಿ ಇಪ್ಪತ್ತು ದಾಟಿತು. ಸತತ ಹತ್ತು ಆಟ ಸೋತಿದ್ದ ಟೂಸಾನ್ ಈಗ ಎರಡು ಆಟ ಗೆದ್ದಿತು. ಫಿಂಚ್ ದಿನಾ ತಂಡದ ಮ್ಯಾನೇಜರ್‌ಗೆ ಫೋನ್ ಮಾಡುತ್ತಿದ್ದ, ಅವರು ನಾಳೆ ಅನ್ನುತ್ತಿದ್ದರು. ವರ್ಲೀನ್ ಕ್ಯಾಲೆಂಡರ್ ನೋಡುತ್ತಿದ್ದಳು, ಆದರೆ ಹೆದರಿರಲಿಲ್ಲ. ಒಳ್ಳೆ ಕೆಲಸಗಾರನಿಗೆ ಯಜಮಾನ ಕೊನೇ ಗಳಿಗೆಯಲ್ಲಿಯಾದರೂ ಉಪಕಾರ ಮಾಡದೆ ಇರುವುದಿಲ್ಲ ಅಂತ ಅವಳ ಲೆಕ್ಕ. ಬೂಟಿನ ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದ ದಿನ ಮೇಸ್ತ್ರಿಯೆನ್ನದೆ ತನ್ನನ್ನೂ ಮನೆಗೆ ಕಳಿಸಿದ್ದನ್ನು ಅವಳು ಯಾಕೋ ನೆನೆಸಿಕೊಳ್ಳಲಿಲ್ಲ.

ಮಾರ್ಚ್ ಒಂದರಂದು ಅವನ ಫೋನು ಸಂಜೆ ಆರಕ್ಕೆ ಬರಲಿಲ್ಲ. ಮಧ್ಯಾಹ್ನ ಮೂರೂವರೆಗೇ ಬಂತು. ಅವಳು ಯಂತ್ರ ನಿಲ್ಲಿಸಿ ಎತ್ತಿಕೊಂಡಳು.

“ಮ್ಯಾನೇಜರ್ ಕರೆಸಿದ್ರು ದೊಡ್ಡಮ್ಮ.”

“ಬಿಟ್ರಾ?”

“ಕೂರಿಸಿ ಕಾಫಿ ಕೊಟ್ರು. ಕೋಚೂ ಇದ್ರು. ಸರದಿಗೋಸ್ಕರ ನಿನ್ನ ತಗೊಂಡ್ವಿ, ನಿಜ ಹೇಳ್ತೀವಿ, ಬಂದ ದಿನಾನೇ ಕಳಿಸೋಣ ಅಂತಿದ್ವಿ ಅಂದ್ರು. ಆದ್ರೆ ಈ ಹುಡುಗರು ನೀನು ಬಂದ ಮೇಲೆ ಮನುಷ್ಯರಾಗಿದಾರೆ. ಆ ಸರದಿಗಿಂತ ನೀನೇ ದೊಡ್ಡ ಲಾಭ ಅಂದ್ರು. ಕೋಚ್ ಬಿಡಲ್ಲ ಅಂತ ಹಟ ಹಿಡಿದಿದಾರಂತೆ. ಸೀಸನ್ ಮುಗಿಯೋ ತನಕ ಇರಬೇಕು ಅಂದ್ರು.”

“ನೀನೇನಂದೆ?”

“ಥ್ಯಾಂಕ್ಯೂ ಸರ್ ಅಂದೆ.”

“ಬಫಲೋ ವಿಷಯ ಹೇಳಿದ್ಯಾ? ಪ್ಲೇಆಫ್ ವಿಷಯ?”

“ಅವರು ಎದ್ದು ನಿಂತು ಕೈ ಕುಲುಕ್ತಾ ಇದ್ರು, ದೊಡ್ಡಮ್ಮ.”

“ಹೇಳಿದ್ಯಾ ಇಲ್ವಾ?”

“ಇಲ್ಲ.”

“ಈಗ ಹೋಗು. ವಾಪಸ್ ಒಳಗೆ ಹೋಗಿ ಕೇಳು. ನನಗೆ ಹನ್ನೆರಡು ವರ್ಷದಿಂದ ಇದೊಂದೇ ಆಸೆ, ಕಾಲಿಗೆ ಬೀಳ್ತೀನಿ ಬಿಡಿ ಅನ್ನು. ಹೋಗೋ.”

“ಆಗ್ಲೇ ವಾಪಸ್ ಹೋಗಿದ್ದೆ. ಹೊರಟುಬಿಟ್ಟಿದಾರೆ. ಫಿಂಚ್‌ಗೂ ಹೇಳಿದೆ, ಅವನು ಫೋನ್ ಮಾಡ್ತಾನೇ ಇದಾನೆ. ಮ್ಯಾನೇಜರ್ ವಿಮಾನದಲ್ಲಿದಾರಂತೆ.”

ಬಿಡುಗಡೆಯ ಕಾಗದ ತಲುಪಬೇಕಾದದ್ದು ನ್ಯೂಯಾರ್ಕಿನ ಗಡಿಯಾರದಲ್ಲಿ ಐದಕ್ಕೆ, ಅಂದರೆ ಇಲ್ಲಿ ನಾಲ್ಕಕ್ಕೆ. ಹರ್ಷೆಲ್ ಒಳಗೆ ಬಂದು, ಅವಳ ಮುಖ ನೋಡಿ, ಬಾಗಿಲು ಎಳೆದುಕೊಂಡು ಹೊರಟುಹೋದ. ಫೋನ್ ಕಿವಿಯಲ್ಲೇ ಇತ್ತು. ಇಬ್ಬರೂ ಇಡಲಿಲ್ಲ. ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರ ತಿರುಗಿ ತಿರುಗಿ ನಿಂತಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಐದು ನಿಮಿಷವಾದ ಮೇಲೆ ಕಾರ್ವೆಲ್, “ಇಡ್ತೀನಿ ದೊಡ್ಡಮ್ಮ. ಹುಡುಗರ ಜೊತೆ ಅಭ್ಯಾಸಕ್ಕೆ ಹೋಗಬೇಕು” ಅಂದ.

ಏಪ್ರಿಲ್‌ನಲ್ಲಿ ಟೂಸಾನ್ ಎಲ್ಲರಿಗಿಂತ ಕೆಳಗೆ ಮುಗಿಸಿತು. ಕಾರ್ವೆಲ್ ಒಂದೇ ಪೆಟ್ಟಿಗೆ ಹಿಡಿದು ಊರಿಗೆ ಬಂದ. ಅದೇ ಶನಿವಾರ ಪೈಲಟ್ಸ್‌ನ ಮೊದಲ ಪ್ಲೇಆಫ್ ಆಟ. ಹರ್ಷೆಲ್ ಎರಡು ಟಿಕೆಟ್ ಕೊಟ್ಟಿದ್ದ. ಅವಳು ಅವನ್ನು ಊಟದ ಮೇಜಿನ ಮೇಲಿಟ್ಟಳು. ಅವನು ನೋಡಿ, ಬೆರಳಿನಿಂದ ಸರಿಪಡಿಸಿ ಒಂದರ ಮೇಲೊಂದು ಇಟ್ಟು, ಹಿತ್ತಿಲಿಗೆ ಹೋಗಿ ಹುಲ್ಲು ಕತ್ತರಿಸಿದ. ಪಕ್ಕದಲ್ಲಿ ಮನೆ ಉದುರಿಹೋದ ಖಾಲಿ ಜಾಗದ ಹುಲ್ಲನ್ನೂ ಕತ್ತರಿಸಿದ. ಬೀದಿಯ ಪ್ರತಿ ಮನೆಯ ಟೀವಿಯಿಂದ ಕೂಗು ಕೇಳುತ್ತಿತ್ತು. ಕ್ವಾಕೆನ್‌ಬುಷ್ ಅವತ್ತು ಮೂವತ್ತು ಪಾಯಿಂಟ್ ಹೊಡೆದನಂತೆ. ಬಫಲೋದವರು ಕಾರ್ವೆಲ್‌ಗೆ ಇಟ್ಟಿದ್ದ ಜಾಗದಲ್ಲಿ ಬೇರೆ ಯಾರೋ ಮುದುಕನನ್ನು ತಂದಿದ್ದರು. ಅವನು ಒಂದು ಆಟದಲ್ಲಿ ಏಳು ನಿಮಿಷ ಆಡಿದ.

ಬೇಸಿಗೆಯಲ್ಲಿ ಟೂಸಾನ್ ಆ ಸರದಿಯಿಂದ ಐಯೊವಾದ ಒಬ್ಬ ಹುಡುಗನನ್ನು ಆರಿಸಿಕೊಂಡಿತು. ಜುಲೈನಲ್ಲಿ ಕಾರ್ವೆಲ್‌ನನ್ನು ಬಿಟ್ಟಿತು. ನಾಲ್ಕು ಸಾಲಿನ ಕಾಗದ, ಕೆಳಗೆ ಕೃತಜ್ಞತೆ. ಹುಡುಗರು ಈಗ ತಾವೇ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು, ತಾತ ಬೇಕಿರಲಿಲ್ಲ. ಫಿಂಚ್ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿದ. ಯಾವ ತಂಡವೂ ಕೇಳಲಿಲ್ಲ. ಮೂವತ್ತೈದು ತುಂಬಿತು. ಚರ್ಚಿನಲ್ಲಿ ಐಡೆಲ್ಲಾ ಏನೋ ಅನ್ನಲು ಬಾಯಿ ತೆರೆದು, ವರ್ಲೀನ್‌ನ ಮುಖ ನೋಡಿ ಹಾಡಿನ ಪುಸ್ತಕ ತಿರುವಿದಳು. ಅಂಥ ಹೆಂಗಸೇ ಸುಮ್ಮನಾದಳೆಂದರೆ ಸಂಗತಿ ಎಲ್ಲಿಗೆ ಮುಟ್ಟಿತ್ತು ನೋಡಿ.

ಕಾರ್ವೆಲ್ ದೊಡ್ಡಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅನ್ನ ಸೇರುತ್ತಿತ್ತು. ಒಂದು ಸಲ ಅವಳೇ ಎತ್ತಿದಳು, “ಫಿಂಚ್ ಮಾತು ಕೇಳಬೇಕಿತ್ತು ಮಗಾ. ನಾನು ಅಡ್ಡ ಬಂದೆ.” ಅವನು ಹಂದಿಮಾಂಸ ತಿರುವಿಹಾಕುತ್ತಾ, “ಹೂಂ” ಅಂದ. ಅದರಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ನಿಜವನ್ನು ಒಪ್ಪಿಕೊಂಡ, ಅಷ್ಟೆ.

ಸೆಪ್ಟೆಂಬರಿನಲ್ಲಿ ತೈವಾನಿನಿಂದ ಒಂದು ಕರೆ ಬಂತು. ಅಲ್ಲೊಂದು ತಂಡಕ್ಕೆ ಎತ್ತರದ ಹಳಬ ಬೇಕಂತೆ. ಅಲ್ಲಿಯೂ ಪ್ಲೇಆಫ್ ಇದೆ, ಅವನು ಬಯಸಿದ್ದು ಅದಲ್ಲದಿದ್ದರೂ. ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು. ಮಂಗಳವಾರ ಅವನು ಅಡುಗೆಮನೆಯ ಪುಟ್ಟ ಕುರ್ಚಿಯಲ್ಲಿ ಬಂದು ಕೂತ.

“ಏನು ಮಾಡ್ಲಿ, ದೊಡ್ಡಮ್ಮ?”

ಅವಳು ಬೀನ್ಸ್ ಮುರಿಯುತ್ತಿದ್ದಳು. “ನನ್ನ ಕೇಳಬೇಡ.”

“ಮತ್ತೆ ಯಾರನ್ನ ಕೇಳ್ಲಿ?”

“ನಿನಗೇನನ್ನಿಸುತ್ತೋ ಅದು ಮಾಡು.”

“ನನಗೇನೂ ಅನ್ನಿಸ್ತಿಲ್ಲ. ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಇರ್ತೀನಿ. ನೀನು ಹೇಳು.”

ಅವನ ಆರನೆಯ ವಯಸ್ಸಿನಿಂದ ಇವತ್ತಿನವರೆಗೆ ಅವಳು ಅವನಿಗೆ ಉತ್ತರ ಹೇಳದ ದಿನವಿರಲಿಲ್ಲ. ಬಾಯಿ ತೆರೆದಳು. ಹೋಗು ಅನ್ನುವುದೂ ಬಾಯಿಗೆ ಬರಲಿಲ್ಲ, ಇರು ಅನ್ನುವುದೂ ಬರಲಿಲ್ಲ. ಬೀನ್ಸ್ ಮುರಿಯುತ್ತಲೇ ಇದ್ದಳು, ಬೇಕಾದದ್ದಕ್ಕಿಂತ ಬಹಳ ಹೆಚ್ಚು ಮುರಿದಳು. ಅವನು ಬುಧವಾರವೂ ಅದೇ ಕುರ್ಚಿಯಲ್ಲಿ ಕೂತು ಕಾದ. ಗುರುವಾರವೂ ಕಾದ. ಶುಕ್ರವಾರ ಮಧ್ಯಾಹ್ನ ತೈವಾನಿನವರ ಫೋನು ಎರಡು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಅವನು ದೊಡ್ಡಮ್ಮನ ಮುಖ ನೋಡಿದ, ಅವಳು ಒಲೆಯ ಕಡೆ ತಿರುಗಿದಳು, ಮೂರನೆಯ ಸಲ ಅದು ರಿಂಗಾಗಲಿಲ್ಲ.